ಕುರ್ಚಿ ಮಗುಚಿ ನೋಡಿ: ಹಳೇ ತೂಗು ಕುರ್ಚಿ ಬಗ್ಗೆ ನಿಮ್ಮ ಪ್ರಶ್ನೆಗಳಿಗೆ ಉತ್ತರ

ಹೋದ ಸಲ ಹಳೇ ಮರದ ಸಾಮಾನಿನ ಬಗ್ಗೆ ಬರೀವಾಗ ತೂಗು ಕುರ್ಚಿ, ಅಂದ್ರೆ ರಾಕಿಂಗ್ ಚೇರ್ ಬಗ್ಗೆ ಎರಡೇ ಎರಡು ಸಾಲು ಬರ್ದಿದ್ದೆ. ಅಷ್ಟಕ್ಕೇ ಇಷ್ಟೊಂದು ಪತ್ರ ಬಂದಿದೆ, ಓದಿ ತುಂಬಾ ಖುಷಿ ಆಯ್ತು. ಅದಕ್ಕೆ ಈ ಸಲ ಪೂರ್ತಿ ಅದೇ ವಿಷಯ. ಒಂದೇ ಥರ ಇದ್ದ ಪ್ರಶ್ನೆಗಳನ್ನ ಸೇರಿಸಿ ಒಂದು ಮಾಡಿದೀನಿ.

ಪ್ರಶ್ನೆ: ನಮ್ಮ ತಾತ ಕೂರ್ತಿದ್ದ ರಾಕಿಂಗ್ ಚೇರ್ ಅಟ್ಟದಿಂದ ಇಳಿಸಿದೀವಿ. ಕೈಯಲ್ಲೇ ಮಾಡಿದ್ದು ಅಂತ ಮನೇಲಿ ಎಲ್ರೂ ಹೇಳ್ತಾರೆ, ಆದ್ರೆ ಮಾಡಿದ್ದು ಯಾರು ಅಂತ ಯಾರಿಗೂ ಗೊತ್ತಿಲ್ಲ, ಹೆಸರೂ ಎಲ್ಲೂ ಕಾಣ್ತಿಲ್ಲ. ಕಂಡುಹಿಡಿಯೋಕೆ ಆಗತ್ತಾ? ಮುಂದಿನ ವಾರ ಚೆನ್ನಾಗಿ ಉಜ್ಜಿಸಿ ಪಾಲಿಶ್ ಮಾಡ್ಸೋಣ ಅಂತಿದೀವಿ.

ಉತ್ತರ: ಮೊದಲು ನಿಮ್ಮ ಕೊನೇ ಮಾತಿಗೆ ಹೇಳ್ಬಿಡ್ತೀನಿ, ದಯವಿಟ್ಟು ಉಜ್ಜಿಸಬೇಡಿ. ಇನ್ನೂ ಯಾರು ಅಂತ ಗೊತ್ತಾಗಿಲ್ಲ ಅಲ್ವಾ, ಅದು ಗೊತ್ತಾಗೋ ದಾರಿ ಇರೋದೇ ಆ ಹಳೇ ಮೈಮೇಲೆ. ನಾನು ಕೆಲಸ ಕಲೀತಿದ್ದ ಹೊಸದ್ರಲ್ಲಿ ಒಂದು ತೂಗು ಕುರ್ಚಿ ರಿಪೇರಿಗೆ ಬಂದಿತ್ತು, ಸೀಟಿನ ಅಡಿಭಾಗ ಕಪ್ಪಗೆ ಕೊಳೆ ಹಿಡಿದಿತ್ತು, ಮೇಲೆಲ್ಲ ಇಷ್ಟು ಚೆನ್ನಾಗಿ ಮಾಡ್ತಿದೀನಿ ಕೆಳಗೂ ಕ್ಲೀನ್ ಆಗ್ಲಿ ಅಂತ ಸ್ಯಾಂಡ್ ಪೇಪರ್ ಹಿಡ್ಕೊಂಡು ನಾಲ್ಕು ಸಲ ಎಳೆದೆ, ಐದನೇ ಸಲ ಕೈ ಎತ್ತಿದಾಗ ಪೆನ್ಸಿಲ್ಲಲ್ಲಿ ಬರೆದಿದ್ದ ಎರಡು ಅಕ್ಷರದ ಬಾಲ ಕಾಣಿಸ್ತು. ಉಳಿದಿದ್ದು ಹೋಗ್ಬಿಟ್ಟಿತ್ತು. ಅದು ಮಾಡಿದವರ ಹೆಸರಾ, ಗಿರಾಕಿ ಹೆಸರಾ, ಬರೀ ಅಳತೆಯಾ, ಇವತ್ತಿಗೂ ಗೊತ್ತಿಲ್ಲ. ಆ ಬರಹದ ಪುಡಿ ನನ್ನ ಅಂಗೈಗೇ ಮೆತ್ಕೊಂಡಿತ್ತು. ಅವತ್ತಿಂದ ಯಾವ ಕುರ್ಚಿ ಬಂದ್ರೂ ಮೊದಲು ನೋಡೋದು, ಆಮೇಲೇ ಮುಟ್ಟೋದು.

ನೀವೂ ಹಾಗೇ ಮಾಡಿ. ನೆಲದ ಮೇಲೆ ಒಂದು ದಪ್ಪ ಕಂಬಳಿ ಹಾಸಿ, ಕುರ್ಚೀನ ಮೆತ್ತಗೆ ಮಗುಚಿ, ರೂಮಿನ ಲೈಟ್ ಆರಿಸಿ ಟಾರ್ಚ್ ಹಿಡೀರಿ. ಟಾರ್ಚ್ ನೇರವಾಗಿ ಬಿಡೋದಲ್ಲ, ಮರಕ್ಕೆ ತಾಗಿಸಿದ ಹಾಗೆ ಪಕ್ಕದಿಂದ ಬಿಡ್ಬೇಕು, ಆಗ ಸಣ್ಣ ಗೀರು ಕೂಡ ನೆರಳು ಬಿಟ್ಟು ಎದ್ದು ಕಾಣತ್ತೆ. ಸೀಟಿನ ಅಡಿ, ಸೀಟಿನ ಚೌಕಟ್ಟಿನ ಒಳಮೈ, ಬೆನ್ನಿನ ಮೇಲಿನ ಪಟ್ಟಿಯ ಹಿಂಬದಿ, ಕೈ ಇಡೋ ಪಟ್ಟಿಯ ಅಡಿ, ತೂಗೋ ಪಟ್ಟಿಗಳ (ಕಾಲಡಿಯ ಬಾಗಿದ ಪಟ್ಟಿಗಳ) ಒಳಮಗ್ಗುಲು, ಈ ಐದು ಜಾಗ ಬಿಡ್ಬೇಡಿ. ಹೆಸರು ಮಾಡಿದ ಕಾರ್ಖಾನೆಗಳೂ ಗುರುತು ಹಾಕ್ತಿದ್ದಿದ್ದು ಇಂಥ ಕಡೆಗಳಲ್ಲೇ. ಮರ ಬಾಗಿಸಿ ಕುರ್ಚಿ ಮಾಡ್ತಿದ್ದ ವಿಯೆನ್ನಾದ ಥೋನೆಟ್ ಕಂಪನಿಯದ್ದಾದ್ರೆ ಸೀಟಿನ ಚೌಕಟ್ಟಿನ ಒಳಗೆ ಮುದ್ರೆ ಇಲ್ಲಾ ಕಾಗದದ ಚೀಟಿ ಇರತ್ತೆ. ಅಮೆರಿಕದ ಕನೆಕ್ಟಿಕಟ್‌ನ ಲ್ಯಾಂಬರ್ಟ್ ಹಿಚ್‌ಕಾಕ್ ಅವರು ಸೀಟಿನ ಹಿಂಭಾಗದ ಅಂಚಲ್ಲಿ ತಮ್ಮ ಹೆಸರು, ಊರು, ಜೊತೆಗೆ ಗ್ಯಾರಂಟಿ ಅನ್ನೋ ಅರ್ಥದ ಮಾತು ಎಲ್ಲಾನೂ ಅಚ್ಚು ಹಾಕ್ತಿದ್ರು. ಅಮೆರಿಕದ ಇನ್ನೊಬ್ಬ ಪೀಠೋಪಕರಣ ತಯಾರಕ ಗುಸ್ತಾವ್ ಸ್ಟಿಕ್ಲಿ ಅವರ ಗುರುತು ಬಡಗಿಯ ಕೈವಾರ, ಅದರೊಳಗೆ ‘ಆಲ್ಸ್ ಇಕ್ ಕಾನ್’ ಅಂತ ಇರತ್ತೆ, ನನ್ನ ಕೈಲಾದಷ್ಟು ಚೆನ್ನಾಗಿ ಅಂತ ಅದರರ್ಥ. ಒಬ್ಬ ಕೆಲಸಗಾರ ತನ್ನ ಕೆಲಸದ ಮೇಲೆ ಇದಕ್ಕಿಂತ ಒಳ್ಳೇ ಮಾತು ಬರೆಯೋಕೆ ಆಗಲ್ಲ ಅನ್ಸತ್ತೆ ನನಗೆ.

ಶೇಕರ್ ಅನ್ನೋ ಕ್ರೈಸ್ತ ಪಂಥದವರ ಕತೆ ಇದಕ್ಕೆ ಉಲ್ಟಾ. ಕೆಲಸ ಎಲ್ರದ್ದು, ಅದರ ಮೇಲೆ ಒಬ್ಬೊಬ್ಬರ ಹೆಸರು ಯಾಕೆ ಅನ್ನೋ ಜನ ಅವರು. ಆದ್ರೆ ನ್ಯೂಯಾರ್ಕ್ ರಾಜ್ಯದ ಮೌಂಟ್ ಲೆಬನಾನ್‌ನಲ್ಲಿ ರಾಬರ್ಟ್ ವ್ಯಾಗನ್ ಅನ್ನೋರು ಕುರ್ಚಿ ವ್ಯಾಪಾರ ನೋಡ್ಕೊಳ್ತಿದ್ದ ಕಾಲಕ್ಕೆ, ಅಂದ್ರೆ 1870ರ ದಶಕದಲ್ಲಿ, ಅವರ ಕುರ್ಚಿ ಎಷ್ಟು ಹೆಸರಾಯ್ತು ಅಂದ್ರೆ ಹೊರಗಿನವರು ನಕಲು ಮಾಡೋಕೆ ಶುರು ಮಾಡಿದ್ರು, ಆಗ ಚಿನ್ನದ ಬಣ್ಣದ ಒಂದು ಟ್ರೇಡ್‌ಮಾರ್ಕ್ ಅಂಟಿಸಲೇಬೇಕಾಯ್ತು. ಬೆನ್ನಿನ ಪಟ್ಟಿ ಮೇಲೆ 0 ಇಂದ 7ರ ತನಕ ಒಂದು ನಂಬರ್ ಇರತ್ತೆ, ಅದು ಸೈಜು. 0 ಮಗೂದು, 7 ಎಲ್ಲಕ್ಕಿಂತ ದೊಡ್ಡದು.

ಇದ್ಯಾವುದೂ ಸಿಗ್ಲಿಲ್ಲ ಅಂದ್ರೆ ಬೇಜಾರು ಬೇಡ, ಬಹುಪಾಲು ಕುರ್ಚಿಗಳಲ್ಲಿ ಸಿಗಲ್ಲ. ಹೆಸರಿಲ್ಲದ ಕುರ್ಚೀಲೂ ಕೈ ಗುರುತು ಇದ್ದೇ ಇರತ್ತೆ. ಕಾಲಿಗೆ ಅಡ್ಡಕೋಲು ಸೇರೋ ಜಾಗದಲ್ಲಿ ಕಾಲಿನ ಸುತ್ತ ಕೂದಲೆಳೆಯಷ್ಟು ಸಣ್ಣ ಗೆರೆ ಇದ್ಯಾ ನೋಡಿ, ಅದು ತೂತು ಎಲ್ಲಿ ಕೊರೀಬೇಕು ಅಂತ ಮಾಡಿದವರು ಹಾಕ್ಕೊಂಡ ಅಳತೆ. ಕೂಡುಗಳ ಹತ್ರ ಉಳಿಯಿಂದ ಒಂದು ಗೀಟು, ಎರಡು ಗೀಟು, ಮೂರು ಗೀಟು ಹೊಡೆದಿದ್ರೆ ಯಾವ ಕೋಲು ಯಾವ ಕಾಲಿಗೆ ಅಂತ ಗುರುತು. ಕೈಯಲ್ಲಿ ಮಾಡಿದಾಗ ಪ್ರತೀ ಕೂಡೂ ತನ್ನ ಜೋಡಿಗೆ ಮಾತ್ರ ಸರಿಹೋಗತ್ತೆ, ಅದಲು ಬದಲು ಮಾಡೋ ಹಾಗಿಲ್ಲ, ಅದಕ್ಕೇ ಆ ಗೀಟು. ಕಾಣದ ಕಡೆ ಬೆರಳಾಡಿಸಿ, ಸಣ್ಣ ಅಲೆ ಥರ ಏರಿಳಿತ ಸಿಕ್ಕಿದ್ರೆ ಅದು ಕೀಸುಳಿ ಆಡಿದ್ದು.

ಇನ್ನೊಂದು ಪರೀಕ್ಷೆ ನನಗೆ ತುಂಬಾ ಇಷ್ಟ. ಲೇತಲ್ಲಿ ಕಡೆದ ಕಾಲು ಮಾಡಿದ ದಿನ ದುಂಡಗಿರತ್ತೆ, ಆದ್ರೆ ಮರ ಒಣಗ್ತಾ ವರ್ಷದ ಬಳೆಗಳ (ಅಡ್ಡ ಕೊಯ್ದ್ರೆ ಕಾಣೋ ಉಂಗುರಗಳ) ದಿಕ್ಕಲ್ಲಿ ಜಾಸ್ತಿ ಕುಗ್ಗತ್ತೆ, ನಡುವಿನಿಂದ ಹೊರಗಿನ ದಿಕ್ಕಲ್ಲಿ ಕಮ್ಮಿ ಕುಗ್ಗತ್ತೆ, ಉದ್ದಕ್ಕೆ ಕುಗ್ಗೋದೇ ಇಲ್ಲ ಅನ್ನಬಹುದು. ಹಾಗಾಗಿ ಹಳೇ ದುಂಡು ಕಾಲು ಅಳೆದು ನೋಡಿದ್ರೆ ಸ್ವಲ್ಪ ಮೊಟ್ಟೆ ಆಕಾರಕ್ಕೆ ಬಂದಿರತ್ತೆ. ಬೆರಳಿಗೇ ಗೊತ್ತಾಗತ್ತೆ ಎಷ್ಟೋ ಸಲ. ಹಳಬರು ಇದನ್ನ ತಮ್ಮ ಕೆಲಸಕ್ಕೇ ಬಳಸ್ಕೊಂಡಿದ್ರು, ಕಾಲುಗಳನ್ನ ಇನ್ನೂ ಹಸಿ ಇರೋ ಮರದಲ್ಲಿ ಮಾಡಿ, ಅಡ್ಡಕೋಲುಗಳನ್ನ ಚೆನ್ನಾಗಿ ಒಣಗಿಸಿ ತೂರಿಸ್ತಿದ್ರು, ಕಾಲು ಒಣಗ್ತಾ ಒಣಗ್ತಾ ಕೋಲಿನ ತುದೀನ ಹಿಂಡಿ ಹಿಡ್ಕೊಂಡ್ಬಿಡೋದು. ಅಂಟು ಬೇಡ, ಮೊಳೆ ಬೇಡ. ನಿಮ್ಮ ಕುರ್ಚೀಲಿ ಮೊಳೆ ಇಲ್ಲದೇ ಕೂಡುಗಳು ಗಟ್ಟಿಯಾಗಿದ್ರೆ ಮರದ ಸ್ವಭಾವ ತಿಳಿದವರೇ ಮಾಡಿದಾರೆ ಅನ್ನಬಹುದು.

ಇಷ್ಟೆಲ್ಲ ನೋಡಿ ಫೋಟೋ ತೆಗೆದಿಟ್ಟು, ಆಮೇಲೆ ಮನೇಲಿ ಎಲ್ಲಕ್ಕಿಂತ ಹಿರಿಯರು ಯಾರಿದಾರೋ ಅವರ ಮುಂದೆ ಕುರ್ಚಿ ಇಟ್ಟು ಕೂರಿಸಿ ಕೇಳಿ. ಬರೀ ಬಾಯಲ್ಲಿ ಕೇಳಿದ್ರೆ ನೆನಪಾಗದ್ದು ಅದರಲ್ಲಿ ಕೂತು ಎರಡು ಸಲ ತೂಗಿದ್ರೆ ನೆನಪಾಗತ್ತೆ.

ಪ್ರಶ್ನೆ: ನಮ್ಮದು ಪೂರ್ತಿ ಬಾಗಿಸಿದ ದುಂಡು ಕೋಲುಗಳ ಕುರ್ಚಿ, ಬಳ್ಳಿ ಥರ ಸುತ್ಕೊಂಡಿದೆ, ಸೀಟು ಬೆತ್ತದ್ದು. ಇದು ಕಾರ್ಖಾನೇದು, ಕೈಕೆಲಸ ಅಲ್ಲ ಅಂತ ಒಬ್ರು ಹೇಳಿದ್ರು. ಹಾಗಾದ್ರೆ ಇದಕ್ಕೆ ಬೆಲೆ ಇಲ್ವಾ?

ಉತ್ತರ: ಕಾರ್ಖಾನೆ ಅಂದ ತಕ್ಷಣ ಕೈ ಇಲ್ಲ ಅಂತಲ್ಲ. ನೀವು ಹೇಳೋ ಮಾದರಿ ಮೈಕೆಲ್ ಥೋನೆಟ್ ಅವರಿಂದ ಬಂದಿದ್ದು. ಅವರು 1796ರಲ್ಲಿ ರೈನ್ ನದಿ ದಡದ ಬೊಪ್ಪಾರ್ಡ್‌ನಲ್ಲಿ ಹುಟ್ಟಿದ ಬಡಗಿ, 1842ರಲ್ಲಿ ವಿಯೆನ್ನಾಕ್ಕೆ ಹೋದ್ರು, 1853ರಲ್ಲಿ ಕಂಪನೀನ ಐದು ಜನ ಮಕ್ಕಳ ಹೆಸರಿಗೆ ಮಾಡಿದ್ರು. ಅವರ ಮೊದಲ ತೂಗು ಕುರ್ಚಿ ಬಂದಿದ್ದು 1860ರ ಸುಮಾರಿಗೆ.

ಗುಟ್ಟು ಇರೋದು ಬಾಗಿಸೋದ್ರಲ್ಲಿ. ಬೀಚ್ ಅನ್ನೋ ಜಾತಿ ಮರದ ಕೋಲನ್ನ ಹಬೇಲಿ ಬೇಯಿಸಿದ್ರೆ ಮೆತ್ತಗಾಗತ್ತೆ, ಆದ್ರೆ ಹಾಗೇ ಬಾಗಿಸಿದ್ರೆ ಹೊರಮೈ ಹಿಗ್ಗೋಕಾಗ್ದೇ ಸಿಗಿದು ಹೋಗತ್ತೆ. ಬೆಂದ ಮರ ಒತ್ತಿದ್ರೆ ಒತ್ತಿಸ್ಕೊಳತ್ತೆ, ಎಳೆದ್ರೆ ತಡ್ಕೊಳಲ್ಲ. ಅದಕ್ಕೆ ಥೋನೆಟ್ ಅವರು ಹೊರಮೈಗೆ ಒಂದು ಲೋಹದ ಪಟ್ಟಿ ಬಿಗಿದು, ಎರಡೂ ತುದಿ ಕಚ್ಚಿಸಿ ಬಾಗಿಸಿದ್ರು, ಹೊರಮೈ ಹಿಗ್ಗೋಕೆ ಜಾಗಾನೇ ಇಲ್ಲ, ಒಳಮೈ ಅಷ್ಟೂ ಒತ್ತಿಕೊಳತ್ತೆ. ಬಿಸಿ ಆರೋದ್ರೊಳಗೆ ಕೋಲನ್ನ ಅಚ್ಚಿನ ಸುತ್ತ ತರ್ಬೇಕು, ಅದು ಮನುಷ್ಯರ ತೋಳಿನ ಕೆಲಸ. ಹಾಗಾಗಿ ನಿಮ್ಮ ಕುರ್ಚಿಯ ಆ ಸುತ್ತುಗಳನ್ನ ಯಾರದ್ದೋ ಕೈಗಳು ಬಿಸಿ ಬಿಸಿ ಇರುವಾಗ್ಲೇ ಹಿಡಿದು ತಿರುಗಿಸಿವೆ. 1869ರಲ್ಲಿ ಅವರ ಪೇಟೆಂಟ್ ಹಕ್ಕಿನ ಅವಧಿ ಮುಗೀತು, ಆಮೇಲೆ ಜೇಕಬ್ ಮತ್ತು ಜೋಸೆಫ್ ಕೋನ್ ಅವರ ಕಂಪನಿ ಸೇರಿ ಬೇಕಾದಷ್ಟು ಜನ ಇದೇ ರೀತಿ ಮಾಡಿದ್ರು, ಹಾಗಾಗಿ ಮುದ್ರೆ ನೋಡದೇ ಥೋನೆಟ್ ಅಂತ ಹೇಳ್ಬೇಡಿ.

ಬೆತ್ತ ಜೋತು ಬಿದ್ದಿದ್ರೆ, ಹರಿದಿಲ್ಲ ಅಂದ್ರೆ, ಕೆಳಗಿನಿಂದ ಬಿಸಿ ನೀರಲ್ಲಿ ಅದ್ದಿದ ಬಟ್ಟೆ ಒತ್ತಿ ಚೆನ್ನಾಗಿ ನೆನೆಸಿ ನೆರಳಲ್ಲಿ ಒಣಗಿಸಿ, ಬಹಳ ಸಲ ತಾನೇ ಬಿಗಿಯಾಗತ್ತೆ.

ಪ್ರಶ್ನೆ: ತೂಗು ಕುರ್ಚಿ ಕಂಡುಹಿಡಿದಿದ್ದು ಬೆಂಜಮಿನ್ ಫ್ರಾಂಕ್ಲಿನ್ ಅಂತೆ, ನಿಜಾನಾ?

ಉತ್ತರ: ಎಲ್ಲಾ ಕಡೆ ಹಾಗೇ ಹೇಳ್ತಾರೆ, ಆದ್ರೆ ಅದಕ್ಕೆ ಆಧಾರ ಇಲ್ಲ. ತೊಟ್ಟಿಲಿಗೆ ಬಾಗಿದ ಪಟ್ಟಿ ಅದಕ್ಕೂ ತುಂಬಾ ಹಿಂದಿಂದ ಇತ್ತು. ಯಾರೋ ಬಡಗಿ ಅದನ್ನೇ ಕುರ್ಚಿ ಕಾಲಿಗೆ ಹಾಕಿ ನೋಡಿರ್ತಾರೆ, ಬಹುಶಃ ಮಗು ಎತ್ಕೊಂಡು ಕೂತ ತಾಯಿಗೋ ದಾದಿಗೋ ಅಂತ. 1740ರ ದಶಕದ ಫಿಲಡೆಲ್ಫಿಯಾದ ಒಬ್ಬ ಕುರ್ಚಿ ಕೆಲಸಗಾರರ ಲೆಕ್ಕದಲ್ಲಿ ತೂಗು ಪಟ್ಟಿ ಇರೋ ದಾದಿ ಕುರ್ಚಿ ಅಂತಲೇ ಬರತ್ತೆ. ಇಂಥ ಕೆಲಸಗಾರರ ಯೋಚನೇನ ಒಬ್ಬ ದೊಡ್ಡ ಮನುಷ್ಯರ ಖಾತೆಗೆ ಹಾಕೋದು ನನಗೆ ಸರಿ ಕಾಣಲ್ಲ.

ಪ್ರಶ್ನೆ: ಅಜ್ಜಿಯ ಕುರ್ಚಿಗೆ ತೂಗೋ ಪಟ್ಟಿ ಆಮೇಲೆ ಸೇರಿಸಿದ್ದು, ಮೂಲದಲ್ಲಿ ಸಾದಾ ಕುರ್ಚಿ ಅಂತ ಹೇಳಿ ಕೊಳ್ಳೋಕೆ ಬಂದವರು ಬೆಲೆ ಇಳಿಸ್ತಿದಾರೆ. ಹೇಗೆ ಗೊತ್ತಾಗತ್ತೆ?

ಉತ್ತರ: ಕಾಲಿನ ತುದಿ ನೋಡಿ. ಮೊದಲಿಂದ ತೂಗು ಕುರ್ಚಿ ಅಂತಲೇ ಮಾಡಿದ್ರೆ ಕಾಲಿನ ಕೆಳಭಾಗ ಪಟ್ಟಿ ಹಿಡಿಯೋ ಹಾಗೆ ದಪ್ಪ ಬಿಟ್ಟು ಕಡೆದಿರ್ತಾರೆ, ಅಥವಾ ಕಾಲು ಪಟ್ಟಿಯೊಳಗೆ ಅಂದವಾಗಿ ಕೂತಿರತ್ತೆ. ಆಮೇಲೆ ಸೇರಿಸಿದ್ದಾದ್ರೆ ಕಾಲು ಕತ್ತರಿಸಿರೋದ್ರಿಂದ ಕೆಳಗಿನ ಅಡ್ಡಕೋಲು ಪಟ್ಟಿಗೆ ತೀರಾ ಹತ್ರ ಬಂದಿರತ್ತೆ, ಕಾಲಿನ ನಕಾಶೆ ಅರ್ಧಕ್ಕೇ ನಿಂತ ಹಾಗೆ ಕಾಣತ್ತೆ, ಪಟ್ಟಿಯ ಬಣ್ಣ, ಮರದ ನಾರು ಬೇರೆ ಇರತ್ತೆ, ಕಾಲಿನ ಪಕ್ಕಕ್ಕೆ ಇಟ್ಟು ಸ್ಕ್ರೂ ಹೊಡೆದಿರೋದೂ ಉಂಟು. ಸ್ಕ್ರೂ ಬಿಚ್ಚೋಕೆ ಬಂದ್ರೆ ಅದೂ ಸಾಕ್ಷಿ ಹೇಳತ್ತೆ, ತುದಿ ಮೊಂಡಾಗಿ, ತಲೆಯ ಸೀಳು ನಡುವಿಂದ ಆಚೀಚೆ ಇದ್ರೆ ಸಾಮಾನ್ಯವಾಗಿ 1840ರ ದಶಕಕ್ಕಿಂತ ಹಿಂದಿನ ಮಾಲು, ಪ್ಲಸ್ ಆಕಾರದ ಸೀಳಿದ್ರೆ 1930ರ ದಶಕ ಇಲ್ಲಾ ಅದರಿಂದೀಚೆಗೆ. ಆದ್ರೆ ಒಂದು ಸ್ಕ್ರೂ ಯಾರೋ ರಿಪೇರಿ ಮಾಡುವಾಗ ಬದಲಾಯಿಸಿರಬಹುದು, ಅದೊಂದ್ರ ಮೇಲೇ ತೀರ್ಮಾನ ಬೇಡ.

ಸವೆತಾನೂ ನೋಡಿ. ಮುಂದಿನ ಅಡ್ಡಕೋಲು ಹಿಮ್ಮಡಿ ತಾಗೋ ಕಡೆ ಸವೆದಿರ್ಬೇಕು, ಕೈಪಟ್ಟಿ ತುದಿ ಅಂಗೈ ಕೂರೋ ಕಡೆ, ತೂಗೋ ಪಟ್ಟಿ ನಡುವಲ್ಲಿ ಜಾಸ್ತಿ. ಯಾರೂ ಮುಟ್ಟದ ಮೂಲೇಲೂ ಸಮವಾಗಿ ಸವೆದಿದ್ರೆ ಅದು ಬೇಕಂತಲೇ ಸವೆಸಿದ್ದು.

ಹಾಂ, ಆಮೇಲೆ ಸೇರಿಸಿದ್ದೇ ಆಗಿದ್ರೂ ಅದು ಮೋಸ ಅಲ್ಲ. 18, 19ನೇ ಶತಮಾನದಲ್ಲಿ ಇದ್ದ ಕುರ್ಚಿಗೇ ಪಟ್ಟಿ ಹಾಕಿಸ್ಕೊಳ್ಳೋದು ಸಾಮಾನ್ಯ ಆಗಿತ್ತು. ಮಾರೋಕೆ ಆತುರ ಇಲ್ಲ ಅಂದ್ರೆ ಸುಮ್ನೆ ಇಟ್ಕೊಳ್ಳಿ ಅಂತ ನನ್ನ ಅಭಿಪ್ರಾಯ.

ಪ್ರಶ್ನೆ: ತೂಗ್ತಾ ತೂಗ್ತಾ ಕುರ್ಚಿ ಮುಂದಕ್ಕೆ ಹೋಗ್ಬಿಡತ್ತೆ, ಅರ್ಧ ಗಂಟೇಲಿ ಗೋಡೆ ಹತ್ರ ಇರ್ತೀನಿ. ಜೊತೆಗೆ ನಡುವಲ್ಲಿ ‘ಟಕ್’ ಅಂತ ತಡೆದ ಹಾಗೆ ಆಗತ್ತೆ.

ಉತ್ತರ: ನಡುವಲ್ಲಿ ತಡೆಯೋದು ಪಟ್ಟಿ ಅಲ್ಲಿ ಸವೆದು ಚಪ್ಪಟೆ ಆಗಿರೋದ್ರಿಂದ. ಜಾಗ ಬಿಟ್ಟು ಹೋಗೋದಕ್ಕೆ ಸಾಮಾನ್ಯ ಕಾರಣ ಎರಡೂ ಪಟ್ಟಿಯ ಬಾಗು ಒಂದೇ ಥರ ಇಲ್ಲದೇ ಇರೋದು, ಒಂದು ಕಡೆ ಕೂಡು ಸಡಿಲ ಆಗಿರೋದು, ಇಲ್ಲಾ ನೆಲಾನೇ ಇಳಿಜಾರಾಗಿರೋದು. ಮೊದಲು ಕುರ್ಚೀನ ಬೇರೆ ಕಡೆ ತಿರುಗಿಸಿ ಇಟ್ಟು ನೋಡಿ, ಆಗಲೂ ರೂಮಿನ ಅದೇ ಗೋಡೆ ಕಡೆಗೇ ಹೋದ್ರೆ ನೆಲದ ತಪ್ಪು. ತೆಳು ರಟ್ಟಿನ ಮೇಲೆ ಒಂದು ಪಟ್ಟಿಯ ಬಾಗು ಗೆರೆ ಎಳೆದು, ಕತ್ತರಿಸಿ, ಇನ್ನೊಂದಕ್ಕೆ ಹಿಡಿದು ನೋಡಿದ್ರೆ ವ್ಯತ್ಯಾಸ ಕಣ್ಣಿಗೇ ಕಾಣತ್ತೆ.

ಆದ್ರೆ ಸರಿ ಮಾಡೋಕೆ ಅಂತ ಪಟ್ಟೀನ ನೀವೇ ಕೀಸೋಕೆ ಹೋಗ್ಬೇಡಿ. ಆ ಬಾಗು ಒಂದು ದೊಡ್ಡ ವೃತ್ತದ ತುಂಡು ಅಂದ್ಕೊಳ್ಳಿ, ಕೂತವರ ಭಾರದ ನಡುಬಿಂದು ಆ ವೃತ್ತದ ನಡುಬಿಂದುವಿಗಿಂತ ಕೆಳಗೇ ಇರ್ಬೇಕು, ಆಗಲೇ ಕುರ್ಚಿ ಹಿಂದಕ್ಕೆ ಹೋದದ್ದು ತಾನಾಗಿ ವಾಪಸ್ ಬರೋದು. ಎರಡರ ನಡುವೆ ಅಂತರ ಜಾಸ್ತಿ ಇದ್ರೆ ಪಟಪಟ ಅಂತ ತೂಗತ್ತೆ, ಕಮ್ಮಿ ಇದ್ರೆ ನಿಧಾನ, ನಿದ್ದೆ ಬರೋ ಹಾಗೆ. ಮಾಡಿದವರು ಇದನ್ನ ಲೆಕ್ಕ ಹಾಕಿರ್ಲಿಕ್ಕಿಲ್ಲ, ಕೂತು, ಎದ್ದು, ಸ್ವಲ್ಪ ಕೀಸಿ, ಮತ್ತೆ ಕೂತು ಕಂಡ್ಕೊಂಡಿರ್ತಾರೆ. ಆ ಬಾಗು ಕೆಟ್ರೆ ಕುರ್ಚಿಯ ಜೀವಾನೇ ಹೋಯ್ತು. ಗಟ್ಟಿ ನೆಲದ ಮೇಲೆ ಒಂದು ಜಮಖಾನೆ ಹಾಸಿ ನೋಡಿ, ಅರ್ಧ ತೊಂದರೆ ಅಲ್ಲಿಗೇ ಕಮ್ಮಿ ಆಗಬಹುದು.

ಪ್ರಶ್ನೆ: ಕೂಡುಗಳು ಸಡಿಲ ಆಗಿ ಕಿರುಗುಡ್ತಿವೆ. ನಾಲ್ಕು ಸ್ಕ್ರೂ ಹೊಡೆದ್ರೆ ಆಯ್ತು ಅಂತಾರೆ. ಹೊಡೆಸ್ಲಾ?

ಉತ್ತರ: ಬೇಡ. ತೂಗು ಕುರ್ಚೀಲಿ ಕೂಡುಗಳ ಮೇಲೆ ಹಿಂದೆ ಮುಂದೆ ಎಳೆತ ಬೀಳ್ತಾನೇ ಇರತ್ತೆ, ಸ್ಕ್ರೂ ಅಲುಗಲ್ಲ, ಮರ ಅಲುಗತ್ತೆ, ಕೊನೆಗೆ ಕೋಲಿನ ತುದಿ ಸೀಳಿ ಹೋಗತ್ತೆ. ಇವತ್ತು ಅಂಟು ಹಾಕಿದ್ರೆ ಸರಿಹೋಗೋ ಕುರ್ಚಿಗೆ ಆಮೇಲೆ ಹೊಸ ಕಾಲೇ ಬೇಕಾಗತ್ತೆ.

ಹಳೇ ಕುರ್ಚಿಗಳಲ್ಲಿ ಇರೋದು ಹೆಚ್ಚಾಗಿ ಪ್ರಾಣಿಗಳ ಚರ್ಮ, ಮೂಳೆ ಕಾಯಿಸಿ ಮಾಡಿದ ಅಂಟು. ಬಿಸಿ ನೀರಿನ ಹನಿ ಬಿಟ್ರೆ ಅದು ಮೆತ್ತಗಾಗಿ ಅಂಟಂಟಾಗತ್ತೆ. ಅದರ ದೊಡ್ಡ ಗುಣಾನೇ ಅದು, ಮುಂದೆ ಯಾರಾದ್ರೂ ಬಿಚ್ಚಿ ರಿಪೇರಿ ಮಾಡ್ಲಿ ಅಂತ ಬಿಟ್ಟುಕೊಟ್ಟ ಹಾಗೆ. ಬಿಚ್ಚೋ ಮುಂಚೆ ಪ್ರತೀ ತುಂಡಿಗೂ ಕಾಗದದ ಚೀಟಿ ಕಟ್ಟಿ, ಯಾವುದು ಎಲ್ಲಿ, ಮೇಲು ಯಾವುದು ಕೆಳಗು ಯಾವುದು ಬರೀರಿ. ಹಳೇ ಅಂಟು ಬಿಸಿ ನೀರಲ್ಲಿ ಒರೆಸಿ, ಕೋಲಿನ ತುದಿ ಮರಾನ ಮಾತ್ರ ಕೆರೀಬೇಡಿ, ಕೆರೆದಷ್ಟೂ ಸಡಿಲ. ಪೂರ್ತಿ ಒಣಗಿದ ಮೇಲೆ ಅದೇ ಜಾತಿ ಅಂಟು ಹಾಕಿ, ಹಗ್ಗ ಸುತ್ತಿ, ಹಗ್ಗದ ನಡುವೆ ಕೋಲು ತೂರಿಸಿ ತಿರುಚಿ ಬಿಗಿ ಮಾಡಿ. ಅಂಟು ಹಸಿ ಇರುವಾಗ್ಲೇ ಸಮತಟ್ಟು ನೆಲದ ಮೇಲೆ ನಿಲ್ಲಿಸಿ ಎರಡೂ ಪಟ್ಟಿ ಸರಿಯಾಗಿ ತಾಗ್ತಿದ್ಯಾ ನೋಡಿ, ಒಣಗಿದ ಮೇಲೆ ಏನೂ ಮಾಡೋಕಾಗಲ್ಲ. ಅಂಗಡೀಲಿ ಸಿಗೋ ಬಿಳೀ ಅಂಟು ಹಳೇ ಅಂಟಿನ ಮೇಲೆ ಹಿಡಿಯಲ್ಲ, ಎಪಾಕ್ಸಿ ಅನ್ನೋ ಅಂಟಂತೂ ಹಾಕಲೇಬೇಡಿ.

ಪ್ರಶ್ನೆ: ಕಾಲಲ್ಲಿ ಸೂಜಿ ಮೊನೆಯಂಥ ತೂತುಗಳಿವೆ. ಹುಳ ಇದೆಯಾ, ಬಿಟ್ಟು ಹೋಗಿದೆಯಾ?

ಉತ್ತರ: ಕುರ್ಚಿ ಕೆಳಗೆ ಕಪ್ಪು ಕಾಗದ ಹಾಸಿ ಕೆಲವು ವಾರ ಬಿಡಿ. ತಿಳಿ ಬಣ್ಣದ ಹೊಸ ಪುಡಿ ಉದುರಿದ್ರೆ ಕುಟ್ಟೆ ಹುಳ ಇನ್ನೂ ಒಳಗಿರೋ ಹಾಗಿದೆ. ಆಗ ಬೇರೆ ಸಾಮಾನಿಂದ ದೂರ ಇಟ್ಟು, ಕೀಟ ಮದ್ದಿನ ಕೆಲಸ ಬಲ್ಲವರನ್ನ ಕರೆಸಿ. ಪುಡಿ ಇಲ್ಲ, ತೂತಿನ ಅಂಚು ಕಪ್ಪಾಗಿದೆ ಅಂದ್ರೆ ಹಳೇದು, ಬಿಡಿ.

ಪ್ರಶ್ನೆ: ತಲೆ ಒರಗೋ ಜಾಗದಲ್ಲಿ ದೊಡ್ಡ ಕಪ್ಪು ಕಲೆ. ತೆಗೆಸ್ಬೇಕಾ?

ಉತ್ತರ: ಅಮೆರಿಕದ ಡಿಯರ್‌ಬಾರ್ನ್‌ನ ಮ್ಯೂಸಿಯಂನಲ್ಲಿ ಅಬ್ರಹಾಂ ಲಿಂಕನ್ ಅವರು 1865ರ ಏಪ್ರಿಲ್ 14ರ ರಾತ್ರಿ, ಗುಂಡೇಟು ಬಿದ್ದಾಗ, ಕೂತಿದ್ದ ತೂಗು ಕುರ್ಚಿ ಇದೆ, ಹೆನ್ರಿ ಫೋರ್ಡ್ 1929ರಲ್ಲಿ ಹರಾಜಲ್ಲಿ ಕೊಂಡಿದ್ದು. ಅದರ ಬೆನ್ನ ಮೇಲೂ ದೊಡ್ಡ ಕಪ್ಪು ಕಲೆ ಇದೆ, ನೋಡಿದವರೆಲ್ಲ ರಕ್ತ ಅಂದ್ಕೊಳ್ತಾರೆ. ಅದು ತಲೆಗೂದಲಿನ ಎಣ್ಣೆ, ಅದರಲ್ಲಿ ಮೊದಲು ಕೂತು ಒರಗಿದ್ದ ಬೇರೆ ಜನರದ್ದು. ಅದನ್ನ ಹಾಗೇ ಉಳಿಸಿದಾರೆ.

ನಿಮ್ಮದೂ ಎಣ್ಣೆ ಕಲೇನೇ ಇರತ್ತೆ. ನಾನಾದ್ರೆ ತೆಗೆಯಲ್ಲ. ಜಿಡ್ಡು ಕೈಗೆ ಅಂಟ್ತಿದ್ರೆ ಮಾತ್ರ ಚೆನ್ನಾಗಿ ಹಿಂಡಿದ ಒದ್ದೆ ಬಟ್ಟೇಲಿ ಮೆತ್ತಗೆ ಒರೆಸಿ ತಕ್ಷಣ ಒಣ ಬಟ್ಟೆ ಹಿಡೀರಿ, ಆಮೇಲೆ ತೆಳುವಾಗಿ ಮೇಣ. ಹಳೇ ಪಾಲಿಶ್ ಎಷ್ಟೋ ಸಲ ಅರಗಿನದ್ದು, ಸ್ಪಿರಿಟ್ ತಾಗಿದ್ರೆ ಕರಗಿ ಬಂದ್ಬಿಡತ್ತೆ, ಅದನ್ನ ಹತ್ರ ತರಬೇಡಿ. ಅಗಸೆ ಎಣ್ಣೆ ಬಳಸೋರು ಒಂದು ಮಾತು ನೆನಪಿಡಿ, ಎಣ್ಣೆ ಒರೆಸಿದ ಬಟ್ಟೆ ಮುದ್ದೆ ಮಾಡಿ ಎಸೆದ್ರೆ ತಾನೇ ಬಿಸಿಯಾಗಿ ಬೆಂಕಿ ಹತ್ಕೊಳ್ಳಬಹುದು, ಬಿಡಿಸಿ ಹರವಿ ಒಣಗಿಸಿ ಆಮೇಲೇ ಎಸೀರಿ. ಹಳೇ ಬಣ್ಣ ಬಳಿದ ಕುರ್ಚಿ ಆದ್ರೆ ಒಣ ಉಜ್ಜೋದು ಬೇಡವೇ ಬೇಡ, ಬಣ್ಣದಲ್ಲಿ ಸೀಸ ಇರಬಹುದು, ಮಕ್ಕಳಿರೋ ಮನೇಲಿ ಆ ಪುಡಿ ಅಪಾಯ.

ಪ್ರಶ್ನೆ: ನಮ್ಮಪ್ಪ ನಿವೃತ್ತಿ ಆದ್ಮೇಲೆ ಮರಗೆಲಸ ಕಲಿತು ಮೊಮ್ಮಗಳಿಗೆ ಅಂತ ಎರಡು ವರ್ಷ ಕೂತು ಒಂದು ತೂಗು ಕುರ್ಚಿ ಮಾಡಿದಾರೆ. ಹೆಸರು ಹಾಕಿ ಅಂದ್ರೆ ‘ನಾನೇನು ದೊಡ್ಡ ಕಲಾವಿದನಾ’ ಅಂತ ನಾಚ್ಕೊಳ್ತಾರೆ. ಏನ್ಮಾಡ್ಲಿ?

ಉತ್ತರ: ನಿಮ್ಮಪ್ಪನವರಿಗೆ ಸ್ಯಾಮ್ ಮಲೂಫ್ ಬಗ್ಗೆ ಹೇಳಿ. ಕ್ಯಾಲಿಫೋರ್ನಿಯಾದವರು, 1916ರಲ್ಲಿ ಹುಟ್ಟಿ 2009ರಲ್ಲಿ ತೀರ್ಕೊಂಡ್ರು, ಅವರ ತೂಗು ಕುರ್ಚಿಗಳು ಜಗತ್ತಿಗೇ ಹೆಸರಾದವು, 1985ರಲ್ಲಿ ಮ್ಯಾಕ್‌ಆರ್ಥರ್ ಫೆಲೋಶಿಪ್ ಅನ್ನೋ ದೊಡ್ಡ ಗೌರವ ಕೂಡ ಬಂತು. ಅವರೂ ಕಲಾವಿದ ಅನ್ನೋ ಪದ ಇಷ್ಟಪಡ್ತಿರ್ಲಿಲ್ಲ, ತಾನೊಬ್ಬ ಮರಗೆಲಸದವನು ಅಂತಲೇ ಹೇಳ್ಕೊಳ್ತಿದ್ರು. ಆದ್ರೂ ಮಾಡಿದ ಕುರ್ಚಿ ಅಡಿಯಲ್ಲಿ ಸಹಿ ಹಾಕ್ತಿದ್ರು.

ಸೀಟಿನ ಅಡಿಯಲ್ಲಿ, ಪಾಲಿಶ್ ಇಲ್ಲದ ಬರೀ ಮರದ ಮೇಲೆ, ಸಾದಾ ಪೆನ್ಸಿಲ್ಲಲ್ಲಿ ಅವರ ಕೈಯಲ್ಲೇ ಬರೆಸಿ. ಇಂಕು ಬೇಡ, ಮರದೊಳಗೆ ಹರಡತ್ತೆ, ಬಣ್ಣಗೆಡತ್ತೆ. ಹೆಸರು, ವರ್ಷ, ಊರು, ಯಾವ ಮರ, ಮರ ಎಲ್ಲಿಂದ ಬಂತು, ಯಾವ ಅಂಟು ಹಾಕಿದಾರೆ, ಯಾರಿಗೋಸ್ಕರ ಮಾಡಿದ್ದು. ಅಂಟಿನ ಹೆಸರು ಖಂಡಿತ ಬರೆಸಿ, ಮುಂದೆ ಕೂಡು ಬಿಚ್ಚೋರಿಗೆ ಅದೇ ದೊಡ್ಡ ಉಪಕಾರ. ತಪ್ಪಾಗಿ ಬರೆದ್ರೆ ಉಜ್ಜಿ ಅಳಿಸೋದು ಬೇಡ, ಒಂದು ಗೆರೆ ಎಳೆದು ಪಕ್ಕದಲ್ಲಿ ಬರೀಲಿ. ಬರೀವಾಗ ಮೊಮ್ಮಗಳು ಟಾರ್ಚ್ ಹಿಡ್ಕೊಂಡು ಪಕ್ಕದಲ್ಲಿರ್ಲಿ.